ಮೈಕಮ್ಮ ಬಾಯಿ ಬಿಗಿಹಿಡಿದ ದಿನ

ನಮ್ಮ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗಿ ಹೇಳುವವಳಿಗೆ ಎಲ್ಲರೂ ಇಟ್ಟ ಹೆಸರು ಮೈಕಮ್ಮ. ಪಕ್ಕದ ವಿಚಾರಣೆ ಕೌಂಟರಿನಲ್ಲಿ ಕೂರುವ ನಾನು ಹನ್ನೊಂದು ವರ್ಷದಿಂದ ಆ ಬಾಯಿಯನ್ನು ಸಹಿಸಿಕೊಂಡಿದ್ದೇನೆ. ಅರಳು ಹುರಿದಂತೆ ಮಾತು. ನಾವು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮಾತನ್ನೂ ಅವಳೇ ಮುಗಿಸಿಬಿಡುತ್ತಾಳೆ.

ತನ್ನ ಐದು ವರ್ಷದ ಮಗಳು ಉಗ್ಗತೊಡಗಿದಾಗಲೂ ಮೈಕಮ್ಮ ಅದನ್ನೇ ಮಾಡಿದಳು. "ನಿಧಾನವಾಗಿ ಹೇಳು, ಇನ್ನೊಂದ್ಸಲ ಸರಿಯಾಗಿ ಹೇಳು" ಎಂದು ದಿನವೂ ತಿದ್ದಿ, ಒಂದು ದಿನ ನೆಂಟರೆದುರು ಗದರಿಯೇಬಿಟ್ಟಳು. ಮಗು ಬಾಯಿಗೆ ಬೀಗ ಹಾಕಿಕೊಂಡಿತು. ಅಪ್ಪನ ಜೊತೆ ಒಂದೆರಡು ಮಾತು. ಅಮ್ಮನ ಜೊತೆ ಹನ್ನೆರಡು ದಿನದಿಂದ ಒಂದೂ ಇಲ್ಲ.

ಸ್ಪೀಚ್ ಥೆರಪಿ ಡಾಕ್ಟರಮ್ಮ ಮೊದಲ ಪಾಠ ಹೇಳಿದ್ದು ತಾಯಿಗೇ. "ಉಗ್ಗು ನಿಮ್ಮಿಂದ ಬಂದಿದ್ದಲ್ಲ. ಆದ್ರೆ ಅವಳು ಮಾತಾಡೋವಾಗ ಪದ ಎತ್ಕೊಡಬೇಡಿ, ತಿದ್ದಬೇಡಿ. ಎಷ್ಟು ಹೊತ್ತಾದ್ರೂ ಕಾಯ್ತಾ ಇರಿ." ಮೈಕಮ್ಮನಿಗೆ ಕಾಯುವುದೆಂದರೆ ಮುಳ್ಳಿನ ಮೇಲೆ ಕೂತಂತೆ.

ಮೊನ್ನೆ ಶಾಲೆ ಬೇಗ ಬಿಟ್ಟಿತ್ತು. ಮಗು ಅವಳ ಗಾಜಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿತ್ತು. ತಡವಾದ ಬಸ್ಸುಗಳ ಪಟ್ಟಿ ಕೊಡಲು ಹೋದ ನಾನೂ ಅಲ್ಲೇ ಇದ್ದೆ. ಮೈಕಮ್ಮ ಒಂದು ಬಸ್ಸನ್ನು ಎರಡು ಸಲ ಕೂಗಿ, ಮುಂದಿನದಕ್ಕೆ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು. ಆಗ ಮಗು, "ನೀ... ನೀ... ನೀ..." ಎಂದಿತು.

ಬೆರಳು ಅಲ್ಲೇ ನಿಂತಿತು. ಹೊರಗೆ ನಾಲ್ಕನೇ ಪ್ಲಾಟ್‌ಫಾರ್ಮಿನ ಬಸ್ಸು ಹಾರ್ನ್ ಹೊಡೆಯಿತು. ಕಂಟ್ರೋಲರ್ ಬಂದು ಗಾಜು ಬಡಿದರು. "ಏನಮ್ಮಾ, ನಿದ್ದೆನಾ? ಬಸ್ ಹೊರಡ್ಬೇಕು."

ಅವರು ಒಳಗೆ ಬಾರದಂತೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಮಗುವಿನ ಕತ್ತಿನ ನರ ಉಬ್ಬಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮೈಕಮ್ಮನ ತುಟಿ ತಾನಾಗಿಯೇ ಅಲುಗಿತು. ಹಲ್ಲು ಕಚ್ಚಿ ತಡೆದಳು. ಈಗ ಇವಳು ನಡುವೆ ಬಾಯಿ ಹಾಕಿದರೆ ಮಗು ಇನ್ನು ಇವಳೊಡನೆ ಮಾತಾಡುವುದೇ ಇಲ್ಲವೆಂದು ನನಗೂ ಹೆದರಿಕೆಯಾಯಿತು.

ಬಸ್ಸು ಮತ್ತೆ ಎರಡು ಸಲ ಹಾರ್ನ್ ಹೊಡೆಯಿತು.

"ನೀ... ನೀನೂ ಎ... ಎರಡೆರಡು ಸಲ ಹೇಳ್ತೀಯಲ್ಲ," ಎಂದಿತು ಮಗು ಕೊನೆಗೆ. "ನಿಂಗೆ ಯಾ... ಯಾರೂ ಬೈಯಲ್ವಾ?"

ಮೈಕಮ್ಮ ಮಗುವಿನ ಕಡೆಗೆ ತಿರುಗಿದಳು.

"ಇಲ್ಲ ಕಂದಾ," ಎಂದಳು. "ನಾನು ನಿಂಗೆ ಬೈದಿದ್ದು ತಪ್ಪು."

ಮಗು ಮತ್ತೆ ಬಾಯಿ ತೆರೆಯಿತು. "ಮ... ಮ..." ಇನ್ನೂ ಹೇಳುವುದಿತ್ತು. ಮೈಕಮ್ಮ ಗುಂಡಿಯಿಂದ ಬೆರಳು ತೆಗೆದಳು. ನಾನು ಹೊರಗೆ ಹೋಗಿ, ನಾಲ್ಕನೇ ಪ್ಲಾಟ್‌ಫಾರ್ಮಿನ ಬಸ್ಸನ್ನು ನನ್ನ ಒಡಕು ಗಂಟಲಿನಲ್ಲೇ ಕೂಗಿದೆ.