ಬಂಡೆಯ ಮೇಲಿನ ಮೊಸಳೆ

ಮಧ್ಯಾಹ್ನ ನಾಲ್ಕೂ ಹತ್ತಕ್ಕೆ, ದಾಂಡೇಲಿಯ ನಮ್ಮ ಓಣಿಯ ಕೆಳಗೆ ಕಾಳಿ ನದಿಯಲ್ಲಿ, ನಾನು ಎರಡನೇ ಮೊಸಳೆಯನ್ನು ನೋಡಿದೆ.

ಮೊದಲನೆಯದು ಎಂದಿನಂತೆ ನಡುನೀರಿನ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಬಟ್ಟೆ ಒಗೆಯಲು ಹೋಗುವ ನಮ್ಮ ಹೆಂಗಸರು ಮೊದಲು ಆ ಬಂಡೆ ನೋಡುತ್ತಾರೆ. ಮೊಸಳೆ ಅಲ್ಲಿದ್ದರೆ ನೀರಿಗಿಳಿಯುತ್ತಾರೆ. ಬಂಡೆ ಖಾಲಿ ಇದ್ದರೆ ಬುಟ್ಟಿ ಎತ್ತಿಕೊಂಡು ಮನೆಗೆ ಬರುತ್ತಾರೆ. ಕಣ್ಣಿಗೆ ಕಾಣುವುದು ಏನೂ ಮಾಡುವುದಿಲ್ಲ ಎಂಬ ಧೈರ್ಯ.

ವೈನಿ, ನನ್ನ ಅಣ್ಣನ ಹೆಂಡತಿ, ಮೊಣಕಾಲುದ್ದ ನೀರಿನಲ್ಲಿ ದಡದ ಮೆಟ್ಟಿಲ ಮೇಲಿದ್ದ ನನಗೆ ಬೆನ್ನು ಮಾಡಿ ನಿಂತು ಚಾದರ ಜಾಲಿಸುತ್ತಿದ್ದರು. ಅವರ ಹತ್ತಿರವೇ, ನೀರಿನ ಮೇಲೆ ಎರಡು ಕಣ್ಣು.

"ವೈನಿ, ಮ್ಯಾಲೆ ಬರ್ರಿ. ಮೊಸಳಿ ಐತಿ."

"ಮತ್ತ ಸುರು ಆತೇನವಾ ನಿನ್ನ ಸಿನಿಮಾ?" ತಿರುಗಿಯೂ ನೋಡದೆ ಬಂಡೆಯತ್ತ ಗದ್ದ ಎತ್ತಿದರು. "ಅಲ್ಲೇ ಮಲಗೇತಲ್ಲ."

ಕಾಲೇಜಿನಲ್ಲಿ ನನಗೆ ಹಳೆಯ ಸಸ್ಪೆನ್ಸ್ ಸಿನಿಮಾಗಳ ಹುಚ್ಚು ಹತ್ತಿತ್ತು. ಆ ಕತೆ ಹೇಳಿ ವೈನಿಯನ್ನು ಹೆದರಿಸುವುದು ನನ್ನ ಆಟ. ಬಾಗಿಲ ಹಿಂದೆ ಕೊಲೆಗಾರ ನಿಂತಿರುವುದು ನೋಡುವ ನಮಗೆ ಗೊತ್ತು, ಹಾಡು ಗುನುಗುತ್ತ ಬರುವವಳಿಗೆ ಗೊತ್ತಿಲ್ಲ. ಭಯ ಹುಟ್ಟುವುದು ಅಲ್ಲಿಯೇ ಎಂದು ವಿವರಿಸುತ್ತಿದ್ದೆ. ಕುರ್ಚಿಯಲ್ಲಿ ಕೂತು ಹೇಳಿದ ಮಾತು.

ಮತ್ತೊಮ್ಮೆ ಕೂಗಿದೆ. ಚಾದರ ಬಿಗಿಯಾಯಿತು, ನೀರೊಳಕ್ಕೆ ಹೋಯಿತು. ವೈನಿ ಹಿಂದಕ್ಕೆ ಮೆಟ್ಟಿಲ ಮೇಲೆ ಬಿದ್ದರು. ಅಷ್ಟೇ. ಮೈಮೇಲೆ ಒಂದು ಗೀರೂ ಇಲ್ಲ.

ನನ್ನೊಳಗೆ ಮಾತ್ರ ಅದು ಮುಗಿಯಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ವೈನಿ ಚಾದರ ಬಿಡುತ್ತಲೇ ಇರಲಿಲ್ಲ. ನನ್ನ ದನಿ ಅವರಿಗೆ ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಅವರ ಗೊರಕೆ, ನನಗೆ ನಿದ್ದೆಯಿಲ್ಲ. ದಿನವೂ ಸೇತುವೆಯ ಮೇಲೆ ನಿಂತು ನೀರು ನೋಡತೊಡಗಿದೆ. ತೇಲಿಬರುವ ಬಿದಿರಿನ ತುಂಡಿಗೂ ಎದೆ ಧಸಕ್ಕೆನ್ನುತ್ತಿತ್ತು. ತಮ್ಮನ್ನು ಹೆದರಿಸಿದ್ದನ್ನೇ ಮತ್ತೆ ಮತ್ತೆ ಹೋಗಿ ನೋಡುವ ಚಟ ಆ ಸಿನಿಮಾಗಳ ಜನಕ್ಕೂ ಇತ್ತು, ಪೆದ್ದರೆಂದು ನಕ್ಕಿದ್ದೆ.

ಒಂದು ಸಂಜೆ ವೈನಿ ಸೇತುವೆಗೇ ಬಂದರು.

"ನಡಿ ಮನಿಗೆ. ಯಾವನ್ನ ಕಾಯಾಕತ್ತಾಳಂತ ಓಣ್ಯಾಗ ಕೇಳಾಕತ್ತಾರ."

"ಅವತ್ತು ನಾ ಒದರಿದ್ದು ನಿಮಗ ಕೇಳಲೇ ಇಲ್ಲಲ್ರಿ," ಎಂದೆ.

"ಯಾರಂದ್ರು? ಚಾದರದ ತುದಿ ಮುಂಗೈಗೆ ಸುತ್ತಿಕೊಂಡಿದ್ದೆ. ನೀ ಎರಡನೇ ಸಲ ಒದರಿದಾಗ ಬಿಚ್ಚಿದೆ. ಕತಿ ಹೇಳುವಾಗ ನಿನ್ನ ದನಿ ಹಂಗ ನಡಗೂದಿಲ್ಲ."

ಆ ಮುಂಗೈ ಹಿಡಿದುಕೊಂಡೇ ಮನೆಗೆ ಬಂದೆ. ಅದು ಶುಕ್ರವಾರ. ಶನಿವಾರ ಎಚ್ಚರವಾದಾಗ ಬಿಸಿಲು ಹಾಸಿಗೆಯ ತನಕ ಬಂದಿತ್ತು. ನನ್ನ ಚಹಾವನ್ನು ವೈನಿ ಎರಡು ಸಲ ಕಾಸಿದ್ದರಂತೆ.