ಲೋಹಿತಾಳ ಕೈಗೆ ಸಿಕ್ಕ ಹೆಸರು

ಮಧುಗಿರಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಲೋಹಿತಾಗೆ ಮೂವತ್ತಾರು ವರ್ಷ. ಅವಳು ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನವರೂ ಬಾಯಿ ಮುಚ್ಚಿ ಕೇಳುತ್ತಿದ್ದರು. ಆದರೆ ಬೋರ್ಡಿನ ಮೇಲೆ ಅವಳು ಬರೆದ ಭಾರತದ ನಕ್ಷೆ ಒಂದು ದಿನ ಬದನೆಕಾಯಿಯಂತೆ, ಇನ್ನೊಂದು ದಿನ ಹರಿದ ಚೀಲದಂತೆ ಕಾಣುತ್ತಿತ್ತು. ಮಕ್ಕಳು ನಗುವ ಮೊದಲೇ ತಾನೇ ನಕ್ಕುಬಿಡುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು.

ಮನೆಯಲ್ಲಿ ಹಾಗೆ ನಕ್ಕು ಪಾರಾಗುವಂತಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ರೊಟ್ಟಿ ದುಂಡಗೆ ಬರಲಿಲ್ಲ. ಹಾಲು ಸೋಸಿದರೆ ಅರ್ಧ ಪಾತ್ರೆಗೆ, ಅರ್ಧ ಕಟ್ಟೆಗೆ. ದಿನವೂ ದಾಟುವ ಬಾಗಿಲಿನ ಚೌಕಟ್ಟಿಗೇ ಭುಜ ತಾಗಿಸಿಕೊಳ್ಳುತ್ತಿದ್ದಳು. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಗಂಡ ಪರಮೇಶ್ ಸ್ಕೂಟರ್ ಕಲಿಸಲು ಮೂರು ಸಲ ನೋಡಿದ. ಮೂರನೆಯ ಸಲ ಪಕ್ಕದ ಮನೆಯ ಗೇಟು ಬಗ್ಗಿತು. "ಬಸ್ಸಲ್ಲೇ ಓಡಾಡು ಬುಡು" ಎಂದು ಸುಮ್ಮನಾದ. ಅತ್ತೆ ಸರೋಜಮ್ಮ ಮಾತ್ರ ಸುಮ್ಮನಾಗಲಿಲ್ಲ. "ಓದೋಕೆ ಬರೆಯೋಕೆ ಬುದ್ಧಿ ಐತೆ, ಕೈಯಾಗೆ ಜೋಪಾನ ಇಲ್ಲ ಕಣಮ್ಮ ನಿಂಗೆ" ಎಂಬುದು ಅವರ ವಾಡಿಕೆಯ ಮಾತು.

ಕಳೆದ ವರ್ಷ ದೀಪಾವಳಿಗೆ ಮುನ್ನ ಒಂದು ಬೆಳಿಗ್ಗೆ ಲೋಹಿತಾ ಕೊಡದಿಂದ ಹಂಡೆಗೆ ನೀರು ಸುರಿಯುವಾಗ ನೆಲಕ್ಕೆ ಚೆಲ್ಲಿತು. ಒರೆಸುವ ಬಟ್ಟೆ ತರಲು ಹೋದ ಎರಡೇ ನಿಮಿಷದಲ್ಲಿ ಸರೋಜಮ್ಮ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಪಟ್ಟಿ ಬಿಚ್ಚಿದ ಮೇಲೆ ಕೈಗೆ ವ್ಯಾಯಾಮ ಮಾಡಿಸಲು ಸಿರಾದ ಬುಷ್ರಾ ಮನೆಗೆ ಬರತೊಡಗಿದಳು. ಇಪ್ಪತ್ತಾರರ ಹುಡುಗಿ, ಫಿಸಿಯೋಥೆರಪಿ ಓದಿದವಳು. ಮೊದಲ ದಿನವೇ ಲೋಹಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನಾನಿಲ್ದಿದ್ದಾಗ ನೀವೇ ಮಾಡಿಸ್ಬೇಕು ಮೇಡಂ. ಜರಾ ನೋಡ್ಕೊಳ್ಳಿ. ಹೆಬ್ಬೆಟ್ಟು ಒಂದೊಂದೇ ಬೆರಳಿಗೆ ತಾಗಿಸ್ಬೇಕು, ಮತ್ತೆ ಹಿಂಗೇ ವಾಪಸ್."

ಲೋಹಿತಾ ಮಾಡಿದಳು. ಮೂರನೆಯ ಬೆರಳಿಗೆ ದಾರಿ ತಪ್ಪಿತು. ಮತ್ತೆ ಶುರುಮಾಡಿದಳು, ಮತ್ತೆ ತಪ್ಪಿತು. ಬುಷ್ರಾ ನಿಧಾನವಾಗಿ ತೋರಿಸಿದಳು. ಅಷ್ಟರಲ್ಲಿ ಕೈ ಮುರಿದುಕೊಂಡಿದ್ದ ಸರೋಜಮ್ಮನೇ ನೋವು ತಡೆದುಕೊಂಡು ಎರಡು ಸುತ್ತು ಮುಗಿಸಿದ್ದರು.

ಹೊರಡುವಾಗ ಗೇಟಿನ ಬಳಿ ಬುಷ್ರಾ ನಿಂತಳು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಚಿಕ್ಕೋರಿಂದ ಹಿಂಗೇನಾ?"

"ಹಿಂಗೆ ಅಂದ್ರೆ?"

"ಶೂ ಲೇಸು ಕಟ್ಟೋದು, ಸೈಕಲ್ಲು, ಹಗ್ಗದಾಟ. ಚೆಂಡು ಎಸೆದ್ರೆ ಹಿಡಿಯೋದು."

ಲೋಹಿತಾ ಹೌದೆಂದು ತಲೆಯಾಡಿಸಿದಳು. ಇವೆಲ್ಲ ಅವಳಿಗೆ ಬೇರೆ ಬೇರೆ ಅವಮಾನಗಳಾಗಿದ್ದವು. ಒಂದೇ ಉಸಿರಿನಲ್ಲಿ ಸಾಲಾಗಿ ಹೇಳಿಬಿಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

"ಡಿಸ್ಪ್ರಾಕ್ಸಿಯಾ ಅಂತ ಒಂದಿದೆ. ಅದೇ ಅಂತ ನಾನು ಹೇಳೋ ಹಂಗಿಲ್ಲ, ನಾನು ಡಾಕ್ಟ್ರಲ್ಲ. ಒಂದ್ಸಲ ತೋರಿಸ್ಕೊಳ್ಳಿ" ಎಂದು ಬುಷ್ರಾ ಹೋದಳು.

ತೋರಿಸಿಕೊಳ್ಳುವುದು ಸುಲಭವಾಗಲಿಲ್ಲ. ಊರಿನ ಡಾಕ್ಟರು ನಿಶ್ಶಕ್ತಿ ಎಂದು ವಿಟಮಿನ್ ಮಾತ್ರೆ ಬರೆದರು. ತುಮಕೂರಿನ ನರರೋಗದ ಡಾಕ್ಟರು ಸ್ಕ್ಯಾನ್ ನೋಡಿ, "ಏನೂ ಇಲ್ಲಮ್ಮ, ಆರಾಮಾಗಿರಿ" ಎಂದರು. ಏನೂ ಇಲ್ಲ ಅಂದದ್ದಕ್ಕೆ ಪರಮೇಶನಿಗೆ ಸಮಾಧಾನವಾಯಿತು. ಲೋಹಿತಾ ಬಸ್ಸಿನಲ್ಲಿ ಅತ್ತಳು. ಏನೂ ಇಲ್ಲದಿದ್ದರೆ ತಪ್ಪು ತನ್ನದೇ ಎಂದಾಯಿತಲ್ಲ.

ಕೊನೆಗೆ ಬುಷ್ರಾಳೇ ವಿಚಾರಿಸಿ ಬೆಂಗಳೂರಿನ ಒಂದು ಆಸ್ಪತ್ರೆಯ ವಿಳಾಸ ಕೊಟ್ಟಳು. ಅಲ್ಲಿ ಸಾಲಿನಲ್ಲಿದ್ದವರೆಲ್ಲ ಮಕ್ಕಳನ್ನು ಕರೆತಂದ ತಾಯಂದಿರು. ಚೀಟಿ ಬರೆಯುವವನು ಅವಳ ಹಿಂದೆ ಮುಂದೆ ನೋಡಿ, "ಮಗು ಎಲ್ಲಿ ಮೇಡಂ?" ಎಂದ.

"ನಂಗೇ ತೋರಿಸ್ಬೇಕು" ಎಂದಳು ಲೋಹಿತಾ.

ಅರ್ಧ ದಿನ ಪರೀಕ್ಷೆ ನಡೆಯಿತು. ಒಂಟಿ ಕಾಲಲ್ಲಿ ನಿಲ್ಲಿಸಿದರು, ಸಣ್ಣ ಕಡ್ಡಿಗಳನ್ನು ತೂತಿಗೆ ಹಾಕಿಸಿದರು, ಗೆರೆಯ ಮೇಲೆ ನಡೆಸಿದರು. ಆಮೇಲೆ ಡಾಕ್ಟರಮ್ಮ, "ಇದು ಬಾಲ್ಯದಿಂದಲೇ ಇತ್ತಾ ಅಂತ ಖಚಿತ ಆಗಬೇಕು. ನಿಮ್ಮನ್ನು ಬೆಳೆಸಿದವರನ್ನ ಕರ್ಕೊಂಡು ಬನ್ನಿ" ಎಂದರು. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಕೊಳಾಲದಿಂದ ತಂದೆ ಮಹಾಲಿಂಗಯ್ಯ ಬಂದರು. ಊರಿನ ಶಿವನ ಗುಡಿಯಲ್ಲಿ ನಲವತ್ತು ವರ್ಷ ಪೂಜೆ ಮಾಡಿದವರು, ಮಾತು ಕಡಿಮೆ.

ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಿದ್ದವರು ಒಮ್ಮೆಲೇ ಹೇಳತೊಡಗಿದರು. "ಐದ್ನೇ ಕ್ಲಾಸಿಗೆ ಬಂದ್ರೂ ಗುಂಡಿ ಹಾಕ್ಕಳಕ್ಕೆ ಬತ್ತಿರ್ಲಿಲ್ಲ. ಒಂದು ಮ್ಯಾಲೆ, ಒಂದು ಕೆಳಗೆ. ಪೂಜೆ ತಟ್ಟೆ ತತ್ತಾ ಅಂದ್ರೆ ಹೊಸ್ಲಲ್ಲೇ ಬೀಳ್ಸೋಳು. ನಾನು ಹೊಡ್ದೆ. ಭಾಳ ಸಲ ಹೊಡ್ದಿದೀನಿ. ಗಮನ ಇಲ್ಲ, ದುರಹಂಕಾರ ಅಂದ್ಕಂಡಿದ್ದೆ."

ಡಾಕ್ಟರಮ್ಮ ಬರೆದುಕೊಂಡರು. "ಆಗ ಯಾರಿಗೂ ಗೊತ್ತಿರಲಿಲ್ಲ ಬಿಡಿ."

ಮಹಾಲಿಂಗಯ್ಯ ತಲೆಯಾಡಿಸಲಿಲ್ಲ. ವಾಪಸ್ ಬರುವಾಗ ಬಸ್ಸು ದಾಬಸ್‌ಪೇಟೆ ದಾಟಿತು. ಆಮೇಲೆ ಕಿಟಕಿಯಾಚೆ ನೋಡುತ್ತಲೇ, "ಇನ್ನೊಂದು ಅಲ್ಲಿ ಹೇಳ್ಲಿಲ್ಲ. ನಿಮ್ಮವ್ವ ಹೊಡೀಬ್ಯಾಡಿ ಅಂತಿದ್ಲು" ಎಂದರು.

"ಇರ್ಲಿ ಬಿಡಪ್ಪ" ಎಂದಳು ಲೋಹಿತಾ. ಪೂರ್ತಿ ಮನಸ್ಸಿನಿಂದ ಬಂದ ಮಾತಲ್ಲ ಅದು. ಆದರೂ ಅವರ ಕೈಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಮೂರು ವಾರದ ಮೇಲೆ ವರದಿ ಬಂತು. ಸ್ಟಾಫ್ ರೂಮಿನಲ್ಲಿ ಕೂತು ನಾಲ್ಕು ಸಲ ಓದಿದಳು. ಡಿಸ್ಪ್ರಾಕ್ಸಿಯಾ. ಬುದ್ಧಿಗೆ ಕೊರತೆಯಿಲ್ಲ, ಮಾಡಬೇಕಾದ ಚಲನೆಯನ್ನು ಮಿದುಳು ಹೊಂದಿಸುವುದರಲ್ಲೇ ಚಿಕ್ಕಂದಿನಿಂದ ತೊಡಕು. ಮಾತ್ರೆ ಇಲ್ಲ. ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು, ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಮಾಡಬೇಕು, ಪಾತ್ರೆಗೆ ಅರ್ಧ ಮಾತ್ರ ತುಂಬಬೇಕು, ಹೀಗೆ ಕೆಲವು ಉಪಾಯಗಳಿದ್ದವು.

ಸರೋಜಮ್ಮ ಎಲ್ಲ ಕೇಳಿಸಿಕೊಂಡರು. "ಹೆಸರು ಇಟ್ಬುಟ್ರೆ ಚೆಲ್ಲೋದು ನಿಂತೋಗ್ತದಾ?"

"ನಿಲ್ಲಲ್ಲ ಅತ್ತೆ. ಬೇಕಂತ ಚೆಲ್ಲಲ್ಲ ಅನ್ನೋದಾದ್ರೂ ಗೊತ್ತಾಯ್ತಲ್ಲ."

ಸರೋಜಮ್ಮ ಮಣಿಕಟ್ಟು ನೀವಿಕೊಳ್ಳುತ್ತಾ ಕೂತರು. ಮಾರನೆಯ ವಾರ ಅವರೇ ಕೊಳಾಯಿಯವನನ್ನು ಕರೆಸಿ, ಹಂಡೆಯ ಮೇಲಕ್ಕೇ ಒಂದು ನಲ್ಲಿ ಹಾಕಿಸಿದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಹಾಲು ಚೆಲ್ಲಿದ ದಿನ ಬೈಯುವುದೂ ನಿಲ್ಲಲಿಲ್ಲ.

ಈ ಬೇಸಿಗೆಯಲ್ಲಿ ಗೊರವನಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ಗೃಹಪ್ರವೇಶವಿತ್ತು. ಪಂಕ್ತಿ ಕೂರುವ ಹೊತ್ತಿಗೆ ಯಜಮಾನತಿ ಪುಷ್ಪಾವತಿ ಸಾರಿನ ಬಕೆಟ್ಟು ಸೌಟು ತಂದು ಲೋಹಿತಾಳ ಮುಂದೆ ಹಿಡಿದರು.

"ನಂಗೆ ಇದನ್ನ ಬಡಿಸೋಕೆ ಆಗಲ್ಲ ಅಕ್ಕ" ಎಂದಳು ಲೋಹಿತಾ.

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಕೈ ಹೇಳಿದ ಹಂಗೆ ಕೇಳಲ್ಲ, ಚೆಲ್ತದೆ. ಹುಟ್ಟಿನಿಂದ ಇರೋದು. ಎಲೆ ಹಾಕ್ತೀನಿ, ಕೊಡಿ."

ಪುಷ್ಪಾವತಿ ಒಂದು ಗಳಿಗೆ ಅವಳ ಮುಖ ನೋಡಿ, ಬಕೆಟ್ಟನ್ನು ಇನ್ನೊಬ್ಬರಿಗೆ ದಾಟಿಸಿ, ಎಲೆಯ ಕಟ್ಟು ತಂದುಕೊಟ್ಟರು. ಲೋಹಿತಾ ಬಗ್ಗಿ ಒಂದೊಂದೇ ಎಲೆ ಹಾಸುತ್ತಾ ಹೋದಳು. ಆಚೆ ಸಾಲಿನಿಂದ ಸರೋಜಮ್ಮ ಕೂಗಿದರು. "ಈ ಕಡೆ ಇನ್ನೂ ಎಂಟು ಎಲೆ ಬೇಕು ನೋಡಮ್ಮ, ಜನ ಕೂತವ್ರೆ."