ಮೂರನೇ ಸಲ ಕರೆದವಳು

ಆ ಸಿನಿಮಾವನ್ನು ನಾನು ನೋಡಿದ್ದು ಯಶವಂತಪುರದ ಒಂದು ಟಾಕೀಸಿನಲ್ಲಿ, ಅಮ್ಮನ ಪಕ್ಕದ ಮರದ ಕುರ್ಚಿಯಲ್ಲಿ ಕೂತು, ಅರ್ಧ ಹೊತ್ತು ಅವಳ ಸೆರಗಿನೊಳಗೆ ಮುಖ ಮುಚ್ಚಿಕೊಂಡು. ಕೆರೆ ದಂಡೆಯ ಮನೆಯಲ್ಲಿರುವ ಅಕ್ಕ ತಮ್ಮನ ಕತೆ ಅದು. ಮಕ್ಕಳಿಗೆಂದು ಬರೆದ ತೆಳ್ಳನೆಯ ಪುಸ್ತಕಗಳ ಸರಣಿಯಿಂದ ಮಾಡಿದ್ದು. ಆ ಪುಸ್ತಕಗಳನ್ನು ನಾನು ಶಾಲೆಯ ಬೀರುವಿನಿಂದ ತಂದು ಮೊದಲೇ ಓದಿ ಮುಗಿಸಿದ್ದೆ. ಆ ಕೆರೆಯಲ್ಲಿ ಒಬ್ಬಳು ಇರುತ್ತಾಳೆ. ಅವಳಿಗೆ ಹೆಸರಿಲ್ಲ, ಎಲ್ಲರೂ ಕರೆಯುವವಳು ಅನ್ನುತ್ತಾರೆ. ದೀಪ ಹಚ್ಚುವ ಹೊತ್ತಿನಲ್ಲಿ, ತಾಯಿ ಹೊರಗೆ ಹೋಗಿರುವ ಮನೆಯ ಮಕ್ಕಳನ್ನು ತಾಯಿಯ ಹಾಗೆಯೇ ಹೆಸರು ಹಿಡಿದು ಕರೆಯುತ್ತಾಳೆ. ಓ ಅಂದವರನ್ನು ನೀರಿನೊಳಕ್ಕೆ ಕರೆದುಕೊಂಡು ಹೋಗುತ್ತಾಳೆ.

ಆದರೆ ಅವಳಿಗೊಂದು ಕಟ್ಟು ಇತ್ತು. ಎರಡು ಸಲ ಮಾತ್ರ ಕರೆಯಬಲ್ಲಳು, ಮೂರನೇ ಸಲಕ್ಕೆ ಅವಳ ನಾಲಿಗೆ ಹೊರಳುವುದಿಲ್ಲ. ಇದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಮೊದಲಿಂದಲೂ ಅದೇ ಪದ್ಧತಿ. ಸಂಜೆಯ ಮೇಲೆ ಹೊರಗಿನಿಂದ ಯಾರು ಕರೆದರೂ ಮೊದಲನೆಯ ಸಲಕ್ಕೆ ಓ ಅನ್ನಬಾರದು, ಎರಡನೆಯದಕ್ಕೂ ಅನ್ನಬಾರದು, ಮೂರನೆಯದಕ್ಕೆ ಧಾರಾಳವಾಗಿ ಅನ್ನಬಹುದು. ಅಪ್ಪ ತೋಟದಿಂದ ಹಸಿದು ಬಂದು ಬಾಗಿಲಲ್ಲಿ ನಿಂತು ಮೂರು ಸಲ ಕೂಗುವ ತನಕ ಅಮ್ಮ ಕೂತಲ್ಲಿಂದ ಏಳುತ್ತಿರಲಿಲ್ಲ. ಅಪ್ಪ ರೇಗಿ ಚಪ್ಪಲಿಯನ್ನು ಒಂದೊಂದು ದಿಕ್ಕಿಗೆ ಬಿಡುತ್ತಿದ್ದರು. ಆದರೂ ಮಾರನೆಯ ದಿನ ಮೂರು ಸಲವೇ ಕೂಗುತ್ತಿದ್ದರು.

ಸಿನಿಮಾದವರು ಆ ಕಟ್ಟಿಗೆ ಕೈ ಹಾಕಿರಲಿಲ್ಲ. ಕರೆಯುವವಳ ವೇಷ ಹಾಕಿದ್ದು ಒಬ್ಬ ಗಂಡಸು. ಸೀರೆ ಉಡಿಸಿ, ಮಂಡಿಯವರೆಗೆ ಕೂದಲು ಇಳಿಬಿಟ್ಟು, ಮುಖಕ್ಕೆ ಸುಣ್ಣ ಬಳಿದ ಹಾಗೆ ಪೌಡರ್ ಬಳಿದಿದ್ದರು. ದನಿಯಂತೂ ಒಡಕು ತಗಡು. ಅದನ್ನು ತಾಯಿಯ ದನಿ ಎಂದು ನಂಬುವ ಮಗು ಲೋಕದಲ್ಲೇ ಹುಟ್ಟಿರಲಾರದು. ಎರಡು ಸಲ ಕರೆದು, ಮೂರನೆಯದಕ್ಕೆ ಅವಳು ಬಾಯಿ ತೆರೆದುಕೊಂಡು ತಡವರಿಸಿದಾಗ ಟಾಕೀಸಿನ ಮಕ್ಕಳೆಲ್ಲ ಸೇರಿ ಗಂಟಲು ಹರಿಯುವಂತೆ ಕಿರುಚಿದೆವು. ನಾನು ಹೆದರಿದ್ದು ನಿಜ, ಆವತ್ತು ಒಬ್ಬಳೇ ಬಚ್ಚಲಿಗೆ ಹೋಗಲಿಲ್ಲ. ಆದರೆ ಆ ಹೆದರಿಕೆಗೊಂದು ಬಾಗಿಲಿತ್ತು, ಬಾಗಿಲಿಗೊಂದು ಚಿಲಕವಿತ್ತು.

ಈಗ ಅದೇ ಪುಸ್ತಕಗಳು ಟೀವಿಗೆ ಸರಣಿಯಾಗಿ ಬಂದಿವೆ. ಮಗಳಿಗೆ ತೋರಿಸಬೇಕೆಂದು ನಾನೇ ಉಮೇದಿನಿಂದ ಹಾಕಿದೆ. ಅವಳಿಗೆ ಎಂಟು ವರ್ಷ. ಹಳೆಯ ಸಿನಿಮಾವನ್ನೂ ಫೋನಿನಲ್ಲಿ ಹುಡುಕಿ ತೋರಿಸಿದ್ದೆ, ವೇಷ ನೋಡಿ ಬಿದ್ದು ಬಿದ್ದು ನಕ್ಕಿದ್ದಳು. ಹೊಸದನ್ನು ನೋಡುವಾಗ ನಗಲಿಲ್ಲ. ಒಪ್ಪಬೇಕಾದ್ದನ್ನು ಒಪ್ಪಬೇಕು, ಹೊಸಬರು ಬಹಳ ಚೆನ್ನಾಗಿ ಮಾಡಿದ್ದಾರೆ. ಅವರ ಕೆರೆ ನಮ್ಮ ಜಕ್ಕೂರು ಕೆರೆಯ ಹಾಗೇ ಇದೆ, ಅದೇ ಜೊಂಡು, ದಂಡೆಯ ಮೇಲೆ ಅದೇ ವಾಕಿಂಗಿನ ಜನ. ಮಕ್ಕಳು ಮಕ್ಕಳ ಹಾಗೆ ಮಾತಾಡುತ್ತಾರೆ. ಪೌಡರೂ ಇಲ್ಲ, ಕೂದಲೂ ಇಲ್ಲ. ಕರೆಯುವವಳನ್ನು ತೋರಿಸುವುದೇ ಇಲ್ಲ, ಬರೀ ದನಿ. ಆ ದನಿ ಕೊಟ್ಟವಳು ತಾಯಿಯ ಪಾತ್ರ ಮಾಡಿದವಳೇ. ತಾಯಿ ಸಂತೆಗೆ ಹೋಗಿದ್ದಾಳೆ ಎಂದು ನಮಗೆ ಗೊತ್ತು, ಆದರೂ ಹಿತ್ತಲಿನಿಂದ ಅವಳೇ ಕರೆಯುತ್ತಾಳೆ. ಪ್ರೀತಿಯಿಂದ, ನಿಧಾನವಾಗಿ, ಹಣೆ ಸವರಿದ ಹಾಗೆ. ದಿಂಬು ಅಪ್ಪಿಕೊಂಡು ಕೂತಿದ್ದ ನನಗೇ ಓ ಅನ್ನಬೇಕು ಅನ್ನಿಸಿತು.

ಕೊನೆಯ ಕಂತಿನಲ್ಲಿ ಅವರು ಮಾಡಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ. ಅಕ್ಕ ತಮ್ಮನ ಬಾಯಿ ಮುಚ್ಚಿ ಹಿಡಿದುಕೊಂಡಿದ್ದಾಳೆ. ಒಂದು ಸಲ ಕರೆಯಿತು. ಎರಡು ಸಲ ಕರೆಯಿತು. ಇಬ್ಬರೂ ಕೈ ಸಡಿಲಿಸಿ ಉಸಿರು ಬಿಟ್ಟರು. ಆಗ ಮೂರನೇ ಸಲವೂ ಕರೆಯಿತು.

ಸೋಫಾದ ಮೇಲೆ ಮಗಳ ಉಗುರು ನನ್ನ ಮೊಣಕೈಗೆ ಚುಚ್ಚಿಕೊಂಡಿತು. ಬರೆದವರು ಕಟ್ಟಿದ್ದನ್ನು ಬಿಚ್ಚುವ ಅಧಿಕಾರ ಇವರಿಗೆ ಕೊಟ್ಟವರು ಯಾರು ಎಂದು ನಾನು ಟೀವಿಗೆ ಬೈದೆ. ಸಿನಿಮಾದವರಿಗೆ ಹೆದರಿಸಲು ಬರುತ್ತಿರಲಿಲ್ಲ, ಆದರೆ ಮಕ್ಕಳನ್ನು ಮನೆಗೆ ಕಳಿಸುವುದು ಗೊತ್ತಿತ್ತು. ಇವರಿಗೆ ಹೆದರಿಸುವುದು ಬಂತು, ಅಷ್ಟೇ ಬಂತು.

ಮಾರನೆಯ ದಿನದಿಂದ ಮಗಳು ನನ್ನನ್ನು ಪರೀಕ್ಷೆ ಮಾಡುವುದಕ್ಕೆ ಶುರುಮಾಡಿದಳು. ಅಡುಗೆಮನೆಯಿಂದ ಕರೆದರೆ ಓ ಅನ್ನದೆ, ಬಾಗಿಲ ಮರೆಯಲ್ಲಿ ನಿಂತು ಇಣುಕಿ ನೋಡಿ, ಆಮೇಲೆ ಬರುತ್ತಿದ್ದಳು.

"ಮೂರು ಸಲ ಕರೆದೆನಲ್ಲೇ. ನಾನೇ ಅಂತ ಗೊತ್ತಾಗಲ್ವಾ?" ಅಂದರೆ,

"ಅದು ಹಳೇ ಸಿನಿಮಾದಲ್ಲಿ ಅಮ್ಮ. ಈಗ ಅವಳಿಗೆ ಎಷ್ಟು ಸಲ ಬೇಕಾದ್ರೂ ಕರಿಯಕ್ಕೆ ಬರತ್ತೆ," ಅಂದಳು.

ನಮ್ಮ ಜೊತೆಯಲ್ಲೇ ಇರುವ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಟೀವಿ ಕಡೆ ಕೈ ಬೀಸಿ, "ಇಂಗೆಲ್ಲಾ ತೋರುಸ್ತಾರಾ? ಇವ್ರ ಮನೇಲಿ ಮಕ್ಳಿಲ್ವಾ?" ಅಂದಳು. ಅವಳ ಮುಖದಲ್ಲೂ ಹೆದರಿಕೆ ಕಂಡೆ. ಎಪ್ಪತ್ತು ದಾಟಿದ ಹೆಂಗಸಿಗೂ ಮೂರನೆಯ ಕರೆಯೊಂದೇ ಗಟ್ಟಿ ಎಂಬ ನಂಬಿಕೆ ಇತ್ತಲ್ಲ.

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು. ಮಕ್ಕಳ ಕೈ ಹಿಡಿದು ನರ ಹುಡುಕುವಾಗ ಒಂದು ದನಿ ಬೇಕಾಗುತ್ತದೆ. "ಬಾ ಚಿನ್ನ, ಬಾ ಕಂದ, ಏನೂ ಮಾಡಲ್ಲ, ಸುಮ್ನೆ ನೋಡ್ತೀನಿ." ಹೀಗೆ ಹೇಳುತ್ತಲೇ ಚುಚ್ಚಿಬಿಡಬೇಕು. ಆ ದನಿ ನನಗೆ ಚೆನ್ನಾಗಿ ಬರುತ್ತದೆ, ಅಳುವ ಮಕ್ಕಳನ್ನೆಲ್ಲ ನನ್ನ ಕುರ್ಚಿಗೇ ಕಳಿಸುತ್ತಾರೆ. ಬಸ್ಸಿನಲ್ಲಿ ನೇತಾಡಿಕೊಂಡು ಮನೆ ಸೇರುವ ಹೊತ್ತಿಗೆ ಅದು ಪೂರ್ತಿ ಖರ್ಚಾಗಿರುತ್ತದೆ. ಮನೆಯಲ್ಲಿ ನನ್ನದು ಬೇರೆ ದನಿ, ಅದನ್ನು ಕೆಳಗಿನ ಮನೆಯವರೂ ಬಲ್ಲರು.

ಅಪ್ಪನ ತೋಟ ಇದ್ದ ಜಾಗದಲ್ಲೇ ಈಗ ನಮ್ಮ ಮೂರಂತಸ್ತಿನ ಮನೆಯಿದೆ. ಮೇಲೆ ನಾವು, ಕೆಳಗೆ ಬಾಡಿಗೆಯವರು. ಮೆಟ್ಟಿಲ ಬುಡದಲ್ಲಿ, ಗಾಡಿ ನಿಲ್ಲಿಸುವ ಜಾಗದಲ್ಲಿ ನೀರಿನ ಸಂಪು. ಒಂದು ಶನಿವಾರ ಮಧ್ಯಾಹ್ನ ಟ್ಯಾಂಕರ್ ಬಂದು ಸಂಪು ತುಂಬಿಸಿ ಹೋಗಿತ್ತು. ಶನಿವಾರ ನಾನು ಯಾವಾಗಲೂ ತಡವಾಗಿ ಬರುವವಳು. ಆವತ್ತು ಜನ ಕಡಿಮೆಯೆಂದು ಬೇಗ ಬಿಟ್ಟರು. ಬಂದಾಗ ಕರೆಂಟ್ ಇರಲಿಲ್ಲ, ಕತ್ತಲಾಗುತ್ತಿತ್ತು, ಮೆಟ್ಟಿಲ ಬುಡ ಸರಿಯಾಗಿ ಕಾಣುತ್ತಿರಲಿಲ್ಲ. ಮಗಳು ಕೆಳಗೆ ಆಡುತ್ತಿದ್ದಾಳೆ ಎಂದು ಅಮ್ಮ ಹೇಳಿದಳು. ನಾನು ಬಂದದ್ದನ್ನು ಮಗಳು ನೋಡಿರಲಿಲ್ಲ. ಬಾಲ್ಕನಿಗೆ ಹೋಗಿ ಹೆಸರು ಹಿಡಿದು ಕರೆದೆ. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಆಮೇಲೆ ಇನ್ನೊಂದು ಸಲ.

ಮೂರನೆಯದಕ್ಕೂ ಓ ಬರಲಿಲ್ಲ. ಆಡಲಿ ಬಿಡು ಎಂದು ನಾನು ಚಹಾಕ್ಕೆ ನೀರಿಟ್ಟೆ. ಅಷ್ಟರಲ್ಲಿ ಕೆಳಗಿನ ಮನೆಯಾಕೆ ಕೂಗಿಕೊಂಡರು. ಅವರು ಮನೆಯಲ್ಲಿ ದಖ್ಖನಿ ಮಾತಾಡುವವರು, ಅಕ್ಕ ಅನ್ನುವುದಕ್ಕೆ ಅವರ ಮಾತಿನಲ್ಲೇ ನಾನು ಆಪಾ ಅನ್ನುತ್ತೇನೆ.

"ಅಕ್ಕಾ, ಜಲ್ದಿ ಬನ್ನಿ! ಸಂಪಿನ ಮುಚ್ಚಳ ತೆರೆದೇ ಐತೆ!"

ಮೆಟ್ಟಿಲನ್ನು ಹೇಗೆ ಇಳಿದೆನೋ ನನಗೆ ಗೊತ್ತಿಲ್ಲ. ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿದು ಬಿದ್ದಿತ್ತು. ಟ್ಯಾಂಕರಿನವನು ಮುಚ್ಚಿರುತ್ತಾನೆ ಎಂದು ಅಮ್ಮ, ಅಮ್ಮ ಮುಚ್ಚಿಸಿರುತ್ತಾರೆ ಎಂದು ಆಪಾ ಅಂದುಕೊಂಡಿದ್ದರು. ಅಂಚಿನವರೆಗೆ ತುಂಬಿದ ಕಪ್ಪು ನೀರು. ಆಪಾ ಫೋನಿನ ಬೆಳಕು ಹಾಕಿದಾಗ ಮೇಲೆ ಮೇಲೆ ಹೊಳೆಯಿತು, ಒಳಗೇನೂ ಕಾಣಲಿಲ್ಲ. ಮಗಳು ಗೇಟಿನ ಹೊರಗೆ ಇಲ್ಲ, ರಸ್ತೆಯಲ್ಲಿ ಇಲ್ಲ, ಆಪಾ ಮನೆಯಲ್ಲಿ ಇಲ್ಲ. ಮೆಟ್ಟಿಲ ಕೆಳಗಿನ ಸಂದಿಗೂ ಬೆಳಕು ಹಾಕಿದರು, ಅಲ್ಲಿ ಒರಗಿಸಿಟ್ಟ ಪ್ಲೈವುಡ್ ಹಲಗೆಗಳು ಮಾತ್ರ ಕಂಡವು. ಆಪಾ ಗಂಡ ಓಡಿಹೋಗಿ ಮಾವಿನಕಾಯಿ ಕೀಳುವ ದೋಟಿ ತಂದರು. ಅದನ್ನು ನೀರಿಗೆ ಇಳಿಬಿಟ್ಟು ಮೆಲ್ಲಗೆ ತಡಕಾಡುವುದನ್ನು ನಾನು ನೋಡಿದೆ. ಆ ಕೋಲಿಗೆ ಏನಾದರೂ ತಗುಲಿದರೆ ಅನ್ನಿಸಿತು.

ನೆಲಕ್ಕೆ ಕವುಚಿ ಮಲಗಿ ಸಂಪಿನ ಬಾಯಿಗೆ ಮುಖ ಹಾಕಿದೆ.

"ಬೈಬ್ಯಾಡ ಕಣೇ, ಮೆತ್ತಗೆ ಕರಿ," ಎಂದು ಅಮ್ಮ ಹಿಂದಿನಿಂದ ಅಳುತ್ತಾ ಹೇಳುತ್ತಿದ್ದಳು. "ಎಲ್ಲಾನ ಅವುತ್ಕಂಡಿದ್ರೆ ಎದರ್ಕತದೆ ಮಗ."

ಮೆತ್ತಗೆ ಕರೆದೆ. ನನಗೆ ಬರುವ ಮೆತ್ತನೆಯ ದನಿ ಒಂದೇ. "ಬಾ ಚಿನ್ನ, ಬಾ ಕಂದ. ಅಮ್ಮ ಏನೂ ಮಾಡಲ್ಲ. ಬಾ." ನೀರಿನ ಮೇಲೆ, ಸಿಮೆಂಟಿನ ಗೋಡೆಗಳ ನಡುವೆ ಅದು ಗುಂಯ್‌ಗುಡುತ್ತಾ ಹೊರಗೆ ಬರುತ್ತಿತ್ತು. ಎಷ್ಟು ಸಲ ಕರೆದೆನೋ. ಪ್ರತಿ ಸಲವೂ ಇನ್ನಷ್ಟು ಸಿಹಿಯಾಗಿ ಕರೆದೆ. ಅಷ್ಟು ಪ್ರೀತಿಯಿಂದ ನಾನು ಅವಳನ್ನು ಯಾವತ್ತೂ ಕರೆದಿರಲಿಲ್ಲ.

ದೋಟಿ ಒಂದು ಮೂಲೆಯಲ್ಲಿ ಏನಕ್ಕೋ ತಾಗಿ ನಿಂತಿತು. ಆಪಾ ಗಂಡ ಉಸಿರು ಬಿಗಿಹಿಡಿದು ಜಗ್ಗಿದರು. ಮೋಟರಿನ ಪೈಪು. ಅದು ಪೈಪು ಎಂದು ಅವರು ಹೇಳುವ ಮೊದಲೇ ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ಎದ್ದು ನಿಂತು, ದಿನಾ ಸಂಜೆ ಕಿರುಚುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ.

"ಎಲ್ಲೇ ಸತ್ತಿದೀಯಾ? ಮುಂಡೇದೇ, ಬಾರೇ ಈಚೆಗೆ!"

"ಅಯ್ಯೋ, ಬಿಡ್ತು ಅನ್ನೇ! ಬಿಡ್ತು ಅನ್ನು!" ಎಂದು ಅಮ್ಮ ನನ್ನ ಬಾಯಿಗೆ ಅಡ್ಡ ಕೈ ತಂದಳು. ತೆರೆದ ಸಂಪಿನ ಮುಂದೆ ನಿಂತು ನಾನು ಏನು ಅಂದೆ ಎಂಬುದು ಆಗ ನನಗೂ ಕೇಳಿಸಿತು.

"ಇಲ್ಲಿದೀನಿ ಅಮ್ಮ," ಎಂದು ಮೆಟ್ಟಿಲ ಕೆಳಗಿನಿಂದ ದನಿ ಬಂತು.

ಹಲಗೆ ಸರಿಸಿ ಬಂದಳು. ತಲೆ ತುಂಬಾ ಜೇಡರ ಬಲೆ. ಒಂದೇಟು ಹಾಕಿದೆ, ಆಮೇಲೆ ಅಪ್ಪಿಕೊಂಡು ಅಲ್ಲೇ ಕುಸಿದು ಕೂತೆ. ಸಂಪಿಗೂ ಅವಳು ಅಡಗಿದ್ದ ಜಾಗಕ್ಕೂ ಮಂಚದ ಉದ್ದದಷ್ಟೂ ದೂರವಿರಲಿಲ್ಲ. ಆಪಾ ಗಂಡ ಮುಚ್ಚಳ ಎಳೆದು ಅದರ ಮೇಲೆ ಕಲ್ಲು ಇಟ್ಟರು. ಆಪಾ ಬೆಲ್ಲ ಹಾಕಿದ ನೀರು ತಂದು ನನಗೂ ಮಗಳಿಗೂ ಅಮ್ಮನಿಗೂ ಕುಡಿಸಿದರು.

ಬೆಳಿಗ್ಗೆ ತಲೆ ಬಾಚುವಾಗ ಕೇಳಿದೆ. ಮುಖ ಕಾಣದ ಹಾಗೆ ಕೂತಾಗ ಅವಳು ಚೆನ್ನಾಗಿ ಮಾತಾಡುತ್ತಾಳೆ.

"ನಾನು ಕರೆದಿದ್ದು ಕೇಳಿಸ್ಲಿಲ್ವೇನೇ ನಿಂಗೆ?"

"ಮೇಲಿಂದ ಕರೆದಿದ್ದು ಕೇಳಿಸ್ತು. ನೀನು ಲ್ಯಾಬಲ್ಲಿದೀಯ ಅಂದ್ಕೊಂಡಿದ್ದೆ. ಮನೇಲಿ ಇಲ್ದೇ ಇರೋವಾಗ ಹೆಂಗೆ ಕರೀತೀಯ? ಅದಕ್ಕೆ ಓಡಿಹೋಗಿ ಹಲಗೆ ಹಿಂದೆ ಕೂತ್ಕೊಂಡೆ."

"ಆಮೇಲೆ?"

"ಆಮೇಲೆ ಅವಳು ಸಂಪೊಳಗೆ ಬಂದ್ಲು. ಅಲ್ಲಿಂದ ಕರೆದ್ಲು."

ನಾನು ಕೂದಲನ್ನು ಮೂರು ಎಳೆ ಮಾಡಿಕೊಂಡೆ. "ಬೈದಿದ್ದು ನಾನು ಅಂತ ಹೆಂಗ್ ಗೊತ್ತಾಯ್ತು?"

"ಅವಳು ಬೈಯಲ್ಲ ಅಮ್ಮ," ಅಂದಳು. ಇಷ್ಟೂ ಗೊತ್ತಿಲ್ಲವಾ ಎಂಬ ಹಾಗಿತ್ತು ಅದು. ಲಂಗದ ಅಂಚು ಸುತ್ತುತ್ತಾ ಹೇಳಿದಳು: "ನೀನು ಇನ್ನೊಂಚೂರು ಲೇಟಾಗಿ ಬೈದಿದ್ರೆ ನಾನು ಹೋಗ್ಬಿಡ್ತಿದ್ದೆ. ಅವಳು ಅಂತ ಗೊತ್ತಿತ್ತು. ಆದ್ರೂ ಹೋಗೋಣ ಅನ್ನಿಸ್ತಿತ್ತು. ಎಷ್ಟ್ ಚೆನ್ನಾಗಿ ಕರೀತಿದ್ಲು ಗೊತ್ತಾ?"

ಹೋಗಿದ್ದರೆ ಅವಳು ನನ್ನ ತೋಳಿಗೇ ಬರುತ್ತಿದ್ದಳು, ನಿಜ. ಆದರೆ ಅವಳ ಲೆಕ್ಕದಲ್ಲಿ ನೀರಿನವಳ ಹತ್ತಿರ ಹೋಗುತ್ತಿದ್ದಳು, ತಿಳಿದೂ ತಿಳಿದೂ. ಅದು ನಾನೇ ಕಣೇ, ಹಾಗೆ ಕರೆದವಳು ನಿನ್ನ ಅಮ್ಮನೇ ಎಂದು ಹೇಳಲು ಬಾಯಿ ತೆರೆದೆ. ಮಾತು ನಾಲಿಗೆಯವರೆಗೂ ಬಂದಿತ್ತು. ಹೇಳಿದರೆ, ನೀರಿನೊಳಗಿಂದ ಸಿಹಿಯಾಗಿ ಬರುವ ದನಿ ಅಮ್ಮನದೂ ಇರಬಹುದು ಎಂದು ಇವಳು ಕಲಿಯುತ್ತಾಳೆ. ಆ ಸಂಪು ಅಲ್ಲೇ ಇದೆ. ಅದರ ಮುಚ್ಚಳ ಇನ್ನೊಂದು ದಿನ ಯಾರದ್ದಾದರೂ ಕೈಯಲ್ಲಿ ತೆರೆದೇ ಉಳಿಯುತ್ತದೆ. ಜಕ್ಕೂರು ಕೆರೆ ಇಲ್ಲೇ ಇದೆ.

ಜಡೆ ಹೆಣೆದು ಮುಗಿಸಿದೆ. ಟೇಪನ್ನು ಎರಡು ಗಂಟು ಹಾಕಿ ಕಟ್ಟಿದೆ.

"ಹಂಗೆ ಯಾರು ಕರೆದ್ರೂ ಹೋಗ್ಬಾರ್ದು ನೀನು," ಅಂದೆ.

"ನಿನ್ನ ದನೀಲಿ ಕರೆದ್ರೂನಾ?"

"ನನ್ನ ದನೀಲಿ ಕರೆದ್ರೂ."